ಬ್ರೆಡ್ಡು ವಾಪಸ್ ಬಂದಾಗ

ಪರದೇಶದ ಹೋಟೆಲಿನಲ್ಲಿ ಕೂತ ಕೂಡಲೇ ನಾನು ಕೇಳೋದು ಒಂದೇ ಪ್ರಶ್ನೆ: ಇದರಲ್ಲಿ ಗೋಧಿ ಇದೆಯಾ? ಸೀಲಿಯಾಕ್ ಕಾಯಿಲೆಯವರಿಗೆ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಕರುಳನ್ನೇ ಹಾಳುಮಾಡುತ್ತೆ. ಯುರೋಪಿನಲ್ಲಿ ಉತ್ತರ ಸಿಗುತ್ತೆ. 2014ರ ಡಿಸೆಂಬರಿನಿಂದ ಐರೋಪ್ಯ ಒಕ್ಕೂಟದ ಹೋಟೆಲುಗಳು ಇದನ್ನು ತಿಳಿಸಲೇಬೇಕು.

ಆದರೆ ಕೇಳಬೇಕಾದ್ದು ಗೋಧಿಯ ಬಗ್ಗೆ ಅಂತ ಗೊತ್ತಾಗಿದ್ದು ಎಷ್ಟೋ ಮಕ್ಕಳು ಸತ್ತ ಮೇಲೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ರೋಗವನ್ನು ವಿವರಿಸಿ, ವಾಸಿಯಾಗೋದಾದರೆ ಪಥ್ಯದಿಂದಲೇ ಅಂದರು. ಯಾವ ಪಥ್ಯ? 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬ್ರೆಡ್ಡು ಬಿಡಿಸಿ ಬಾಳೆಹಣ್ಣು ತಿನ್ನಿಸಿದರು. ಮಕ್ಕಳು ಚೇತರಿಸಿಕೊಂಡರು. ಹೆಸರು ಬಂದಿದ್ದು ಬಾಳೆಹಣ್ಣಿಗೆ!

ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ ಎರಡನೇ ಮಹಾಯುದ್ಧಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ನರು ಪಶ್ಚಿಮ ನೆದರ್ಲೆಂಡ್ಸಿಗೆ ಆಹಾರ ಸಾಗಣೆ ತಡೆದರು. ಜನ ಟುಲಿಪ್ ಗಡ್ಡೆ ಬೇಯಿಸಿ ತಿಂದರು. ಸಾವಿರಾರು ಮಂದಿ ಹಸಿವಿನಿಂದ ಸತ್ತರು. ಅಂಥ ಹೊತ್ತಲ್ಲೂ ಸೀಲಿಯಾಕ್ ಮಕ್ಕಳು ಸುಧಾರಿಸಿದರು. ಬ್ರೆಡ್ಡು ವಾಪಸ್ ಬಂತು, ಊರೆಲ್ಲ ಸಂಭ್ರಮ. ಈ ಮಕ್ಕಳು ಮಾತ್ರ ಮತ್ತೆ ಹಾಸಿಗೆ ಹಿಡಿದರು.

ಡಿಕ್ಕೆ ಅಷ್ಟಕ್ಕೇ ನಿಲ್ಲಲಿಲ್ಲ. ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದರು. 1950ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಆಮೇಲೆ ಸಂಗಡಿಗರ ಜೊತೆ ಮಕ್ಕಳ ಮಲದ ಕೊಬ್ಬನ್ನು ಅಳೆದ ಲೆಕ್ಕಗಳೂ ಅದನ್ನೇ ಹೇಳಿದವು.

ಈಗ ಗ್ಲುಟೆನ್ ಬಿಡೋದು ಕೆಲವರಿಗೆ ಫ್ಯಾಷನ್ನು. ಹಾಗಾಗಿ ನನ್ನ ಪ್ರಶ್ನೆಗೆ ನಗುವವರೂ ಸಿಗ್ತಾರೆ. ನಗಲಿ ಬಿಡಿ. ಈ ಕಾಯಿಲೆಗೆ ಇವತ್ತಿಗೂ ಡಿಕ್ಕೆಯ ಪಥ್ಯವೇ ಮದ್ದು.