ಗ್ವಾಟೆಮಾಲಾದ ನಿರಾಯುಧ ಬೆಂಗಾವಲು

1984ರ ಫೆಬ್ರವರಿಯಲ್ಲಿ ಫರ್ನಾಂಡೊ ಗಾರ್ಸಿಯಾ ಎಂಬ ಕಾರ್ಮಿಕ ಮುಖಂಡನನ್ನು ಗ್ವಾಟೆಮಾಲಾ ನಗರದ ಪೊಲೀಸರು ಹಿಡಿದೊಯ್ದರು. ಆತ ಮನೆಗೆ ಮರಳಲಿಲ್ಲ. ಪತ್ನಿ ನಿನೆತ್ ಮಾಂಟೆನೆಗ್ರೊ ಶಾಲಾ ಶಿಕ್ಷಕಿ. ಕಂಕುಳಲ್ಲಿ ಇನ್ನೂ ಎರಡು ತುಂಬದ ಮಗಳು. ಠಾಣೆ, ಆಸ್ಪತ್ರೆ, ಶವಾಗಾರಗಳನ್ನು ಅಲೆದ ಆಕೆಗೆ ಹೋದಲ್ಲೆಲ್ಲ ತನ್ನಂತೆಯೇ ಗಂಡನನ್ನೋ ಮಗನನ್ನೋ ಹುಡುಕುವ ಹೆಂಗಸರು ಸಿಕ್ಕರು. ಅದೇ ಜೂನ್‌ನಲ್ಲಿ ಅವರು ಒಂದು ಸಂಘ ಕಟ್ಟಿದರು. ಅದರ ಹೆಸರು ‘ಗಾಮ್’, ಅಂದರೆ ಪರಸ್ಪರ ನೆರವಿನ ಗುಂಪು.

ಸಭೆ ಸೇರಲು ಜಾಗ ಕೊಟ್ಟದ್ದು ‘ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್’. 1981ರಲ್ಲಿ ಕೆನಡಾದಲ್ಲಿ ಹುಟ್ಟಿದ ಈ ಸಂಸ್ಥೆಗೆ ಭಾರತದ ಬೇರೂ ಇದೆ. ವಿನೋಬಾ ಭಾವೆಯವರ ಶಾಂತಿಸೇನೆಯಲ್ಲಿ ಪಳಗಿದ ನಾರಾಯಣ ದೇಸಾಯಿ ಅದರ ಸ್ಥಾಪಕರಲ್ಲೊಬ್ಬರು.

1985ರ ಮಾರ್ಚ್‌ನಲ್ಲಿ ಸೇನಾ ಆಡಳಿತಗಾರ ಮೆಹಿಯಾ ವಿಕ್ಟೋರೆಸ್ ಗಾಮ್‌ಗೆ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರ ನಂಟು ಕಟ್ಟಿ ಬಹಿರಂಗವಾಗಿ ದೂರಿದ. ತಿಂಗಳ ಕೊನೆಗೆ ಸಂಘದ ಹೆಕ್ಟರ್ ಗೋಮೆಸ್ ಕೊಲೆಯಾದರು. ಏಪ್ರಿಲ್ 4ರಂದು ಸಂಘದ ಇನ್ನೊಬ್ಬ ಸದಸ್ಯೆ ರೊಸಾರಿಯೊ ಗೊಡೊಯ್, ಆಕೆಯ ತಮ್ಮ, ಎರಡು ವರ್ಷದ ಮಗು, ಮೂವರೂ ಶವವಾಗಿ ಸಿಕ್ಕರು. ಸರ್ಕಾರ ಅದನ್ನು ವಾಹನ ಅಪಘಾತ ಎಂದಿತು.

ಆಮೇಲೆ ಪೀಸ್ ಬ್ರಿಗೇಡ್ಸ್‌ನ ವಿದೇಶಿ ಸ್ವಯಂಸೇವಕರು ಉಳಿದ ಮುಖಂಡರ ಜೊತೆ ಹಗಲಿರುಳೂ ಇರತೊಡಗಿದರು. ಮಾರುಕಟ್ಟೆಗೆ ಹೋದರೆ ಜೊತೆ, ಬಸ್ಸಿನಲ್ಲಿ ಜೊತೆ, ರಾತ್ರಿ ಮನೆಯಲ್ಲೂ ಜೊತೆ. ಕೈಯಲ್ಲಿ ಬಂದೂಕಿಲ್ಲ. ಸಂಘ ಏನು ಮಾಡಬೇಕು, ಯಾವ ಘೋಷಣೆ ಕೂಗಬೇಕು ಎಂದು ಅವರು ಹೇಳುತ್ತಿರಲಿಲ್ಲ. ಹೋರಾಟ ಆ ಹೆಂಗಸರದ್ದೇ. ಮೈಮುಟ್ಟಿದರೆ ವಿದೇಶಿ ಸಾಕ್ಷಿ ಇದ್ದಾನೆ, ಸುದ್ದಿ ಹೊರದೇಶಗಳಿಗೆ ಮುಟ್ಟುತ್ತದೆ, ರಾಯಭಾರ ಕಚೇರಿಗಳು ಪ್ರಶ್ನೆ ಕೇಳುತ್ತವೆ ಎಂಬ ಅಂಜಿಕೆಯನ್ನು ಕೊಲೆಗಡುಕರಲ್ಲಿ ಹುಟ್ಟಿಸುವುದಷ್ಟೇ ಅವರ ಕೆಲಸ.

ಇದರೊಳಗೊಂದು ಘೋರ ಅನ್ಯಾಯವಿತ್ತು. ಪರದೇಶದ ಪಾಸ್‌ಪೋರ್ಟ್ ಇದ್ದವರ ಜೀವಕ್ಕೆ ಬೆಲೆ, ಅಲ್ಲೇ ಹುಟ್ಟಿ ಬೆಳೆದ ಮೂಲನಿವಾಸಿ ಮಾಯಾ ಸಮುದಾಯದ ರೈತನ ಜೀವಕ್ಕಿಲ್ಲ. ಆ ತಾರತಮ್ಯವನ್ನು ಅಳಿಸುವ ಶಕ್ತಿ ಸ್ವಯಂಸೇವಕರಿಗೆ ಇರಲಿಲ್ಲ. ತಮಗೆ ಪುಕ್ಕಟೆ ಸಿಕ್ಕ ಆ ಬೆಲೆಯನ್ನು ಅಪಾಯದಲ್ಲಿದ್ದವರ ಪರ ಒಡ್ಡಿದರು. ಸ್ವಯಂಸೇವಕರೂ ಪೆಟ್ಟು ತಿಂದರು: 1989ರಲ್ಲಿ ಅವರ ಮನೆಯ ಮೇಲೆ ದಾಳಿಯಾಯಿತು, ಅದೇ ವರ್ಷ ಮೂವರು ಇರಿತಕ್ಕೊಳಗಾದರು. ಆದರೂ ತಂಡ ದೇಶ ಬಿಡಲಿಲ್ಲ.

1996ರಲ್ಲಿ ಮುಗಿದ ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ನಿನೆತ್ ಬದುಕುಳಿದರು, ಸಂಸತ್ತಿಗೂ ಆಯ್ಕೆಯಾದರು. 2005ರಲ್ಲಿ ರಾಜಧಾನಿಯ ಹಳೆಯ ಕಟ್ಟಡವೊಂದರಲ್ಲಿ ಪೊಲೀಸರ ದಾಖಲೆಗಳ ರಾಶಿ ಪತ್ತೆಯಾಯಿತು. ಅದರೊಳಗಿನ ಕಾಗದಗಳ ಆಧಾರದಲ್ಲೇ 2010ರಲ್ಲಿ ಫರ್ನಾಂಡೊ ಪ್ರಕರಣದಲ್ಲಿ ಇಬ್ಬರು ಪೊಲೀಸರಿಗೆ, 2013ರಲ್ಲಿ ಅಂದಿನ ಪೊಲೀಸ್ ಮುಖ್ಯಸ್ಥನಿಗೆ ತಲಾ 40 ವರ್ಷ ಸೆರೆವಾಸದ ಶಿಕ್ಷೆಯಾಯಿತು.