ಗಾಡಿಯ ಎತ್ತರ, ಚಕ್ರದ ಗಾತ್ರ



ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮೊಗ್ರಾಲಿನ ನಮ್ಮ ನೆರೆಮನೆಯ ಹುಡುಗ ಒಂದು ಪಿಕಪ್ ಕೊಂಡ. ತೆಂಗಿನಕಾಯಿ, ಸಿಮೆಂಟು, ಕೆಂಪುಕಲ್ಲು, ಬಾಡಿಗೆಗೆ ಏನು ಸಿಕ್ಕಿದರೂ ಸಾಗಿಸುತ್ತಾನೆ. ತಾಯಿಯ ಹೆಸರಿನಲ್ಲಿರುವ ಹದಿನೈದು ಸೆಂಟ್ಸ್ ಜಾಗ ಬ್ಯಾಂಕಿನ ಸಾಲಕ್ಕೆ ಈಡಾಗಿದೆ. ಮೊನ್ನೆ ಅವನು ನಮ್ಮ ಜಗಲಿಗೆ ಬಂದು, "ಮಾವ, ಗಾಡಿಯನ್ನು ಎರಡಿಂಚು ಇಳಿಸಿ ಹದಿನೇಳಿಂಚಿನ ಚಕ್ರ ಹಾಕಿಸಬೇಕು ಅಂತ ಇದ್ದೇನೆ. ನೋಡಲಿಕ್ಕೆ ಭಾರೀ ಚಂದ. ಬ್ಯಾಂಕಿನವರು ಏನಾದರೂ ಹೇಳುತ್ತಾರಾ?" ಎಂದು ಕೇಳಿದ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. "ಎರಡು ದಿನ ಬಿಟ್ಟು ಬಾ" ಎಂದೆ. ಆ ಎರಡು ದಿನಗಳಲ್ಲಿ ಓದಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಗಾಡಿಯ ಎತ್ತರವನ್ನೂ ಚಕ್ರದ ಗಾತ್ರವನ್ನೂ ಹಿಂದೆ ನಿಶ್ಚಯಿಸುತ್ತಿದ್ದುದು ದಾರಿ ಮತ್ತು ಹೊರೆ. ನಮ್ಮ ಹಿರಿಯರ ಎತ್ತಿನ ಗಾಡಿಗೆ ದೊಡ್ಡ ಮರದ ಚಕ್ರಗಳಿದ್ದುವು. ಅದು ಠೀವಿಗೆ ಮಾಡಿದ್ದಲ್ಲ. ಚಕ್ರ ದೊಡ್ಡದಾದಷ್ಟೂ ಹೊಂಡಗಳಲ್ಲಿ ಸಿಕ್ಕಿಬೀಳುವುದು ಕಡಿಮೆ, ಎತ್ತುಗಳಿಗೆ ಎಳೆಯುವುದು ಹಗುರ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬವರು ಗಾಳಿ ತುಂಬಿದ ಟಯರಿಗೆ ಪೇಟೆಂಟು ಪಡೆದರು. ಮುಂದೆ ಅಂಥ ಟಯರು ಎತ್ತಿನ ಗಾಡಿಗೂ ಬಂದು, ಅದಕ್ಕೆ 'ಡನ್‌ಲಪ್ ಗಾಡಿ' ಎಂಬ ಹೆಸರೇ ಬಿತ್ತು. ಚಕ್ರ ಚಿಕ್ಕದಾಯಿತು, ಹಲಗೆ ತಗ್ಗಿತು, ಮೂಟೆ ಏರಿಸುವವನ ಬೆನ್ನಿಗೆ ಸ್ವಲ್ಪ ಸುಖವಾಯಿತು.

ಮಹೀಂದ್ರ ಕಂಪೆನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಕಚ್ಚಾ ರಸ್ತೆಯ ಕಲ್ಲು ತಾಗದಂತೆ ಜೀಪಿನ ಹೊಟ್ಟೆ ಎತ್ತರದಲ್ಲಿತ್ತು. 2005ರಲ್ಲಿ ಟಾಟಾ ಏಸ್ ಬಂದಾಗ ಅದಕ್ಕೆ ಹನ್ನೆರಡಿಂಚಿನ ಪುಟ್ಟ ಚಕ್ರಗಳು. ಪೇಟೆಯ ಓಣಿಗೆ ನುಗ್ಗಬೇಕು, ಸಾಮಾನು ಸುಲಭವಾಗಿ ಏರಿಸಬೇಕು, ಅದಕ್ಕೆ ಹಾಗೆ. ಗಾಡಿ ಏರಿದ್ದೂ ಇಳಿದದ್ದೂ ಕೆಲಸಕ್ಕಾಗಿಯೇ ಎಂಬುದನ್ನು ತಾವು ಗಮನಿಸಬೇಕು.

ಹಾಗಾದರೆ ಚಂದಕ್ಕಾಗಿ ಗಾಡಿ ಇಳಿಸುವ ಚಾಳಿ ಎಲ್ಲಿಯದು? ಅದಕ್ಕೆ ಹೆಸರಾದದ್ದು ದೂರದ ಅಮೆರಿಕದ ಕ್ಯಾಲಿಫೋರ್ನಿಯಾ. ಆ ಕಥೆ ನಮ್ಮಂಥ ಗಡಿನಾಡಿನವರು ಕೇಳಬೇಕಾದದ್ದೇ. 1848ರಲ್ಲಿ ಯುದ್ಧ ಮುಗಿದು ಒಪ್ಪಂದವಾದಾಗ ಕ್ಯಾಲಿಫೋರ್ನಿಯಾ ಮೆಕ್ಸಿಕೋದ ಕೈತಪ್ಪಿ ಅಮೆರಿಕಕ್ಕೆ ಸೇರಿತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಮನೆ ಬದಲಿಸದೆಯೇ ದೇಶ ಬದಲಿಸಿದಂತಾಯಿತು. ಆಮೇಲೆ ದುಡಿಮೆಗೆಂದು ಗಡಿ ದಾಟಿ ಬಂದವರೂ ಅವರೊಡನೆ ಕೂಡಿಕೊಂಡರು. ನನ್ನ ತಂದೆಯವರು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದವರು. 1956ರ ನವೆಂಬರ್ 1ರಂದು ಅದೇ ಮನೆಯಲ್ಲಿ ಕೇರಳದವರಾಗಿ ಎದ್ದರು. ಆದುದರಿಂದ ಅವರ ಕಥೆ ನನಗೆ ಪರಕೀಯವೆನಿಸಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸಿನ ಆ ಯುವಕರು ಹಳೆಯ ಕಾರುಗಳನ್ನು ಕೊಂಡು, ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ, ಸ್ಪ್ರಿಂಗು ಕತ್ತರಿಸಿ ನೆಲಕ್ಕೆ ತಾಗುವಂತೆ ಇಳಿಸಿದರು. ಉಳಿದವರು ವೇಗದ ಹಿಂದೆ ಬಿದ್ದಾಗ ಇವರು ನಿಧಾನವಾಗಿ, ಎಲ್ಲರೂ ನೋಡುವಂತೆ ಸಾಗಿದರು. ನಾವೂ ಇದ್ದೇವೆ ಎಂದು ಹೇಳುವ ರೀತಿ ಅದು. ಸರಕಾರ 1958ರಲ್ಲಿ ಕಾನೂನು ತಂದು, ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಬರಕೂಡದೆಂದಿತು. ಮರುವರ್ಷವೇ ರಾನ್ ಅಗಿರ್ರೆ ಎಂಬವರು ತಮ್ಮ ಕಾರಿಗೆ ಹೈಡ್ರಾಲಿಕ್ ಪಂಪು ಜೋಡಿಸಿದರು. ಸ್ವಿಚ್ಚು ಒತ್ತಿದರೆ ಗಾಡಿ ಏರುತ್ತದೆ, ಪೊಲೀಸರು ಹೋದ ಮೇಲೆ ಇಳಿಯುತ್ತದೆ! ಮುಂದೆ ಪಿಕಪ್‌ಗಳಿಗೂ ಈ ಚಾಳಿ ಹಬ್ಬಿತು. ಆ ನಿಷೇಧ ತೆಗೆದುಹೋದದ್ದು 66 ವರ್ಷಗಳ ಬಳಿಕ, 2024ರ ಜನವರಿ 1ರಂದು.

ನಮ್ಮಲ್ಲಿ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಮೋಟಾರು ವಾಹನ ಕಾಯಿದೆ 1988ರದ್ದು. ಅದರ 52ನೆಯ ಕಲಮು 2000ದ ತಿದ್ದುಪಡಿಯಲ್ಲಿ ಬಿಗಿಯಾಯಿತು. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ತೀರ್ಪಿತ್ತು, ತಯಾರಕರು ನಿಗದಿಪಡಿಸಿ ಆರ್.ಸಿ.ಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದಿತು. ಸರಕು ವಾಹನದ ನೋಂದಣಿಯಲ್ಲಿ ಟಯರಿನ ಗಾತ್ರವೂ ಆಕ್ಸಲಿನ ಭಾರವೂ ದಾಖಲಾಗಿರುತ್ತವೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಸಜೆ, ಅಥವಾ ಎರಡೂ ಆಗಬಹುದು.

ಕಾನೂನನ್ನು ಬದಿಗಿಟ್ಟು ಬರೇ ಲೆಕ್ಕ ನೋಡೋಣ. ಖಾಲಿ ಪಿಕಪ್ಪಿನ ಹಿಂಭಾಗ ಎತ್ತರದಲ್ಲಿ ನಿಂತಿರುವುದು ಊನವಲ್ಲ. ಹೊರೆ ಬಿದ್ದಾಗ ಕಮಾನಿನ ಪ್ಲೇಟುಗಳು ಬಗ್ಗಿ ಇಳಿಯಲೆಂದೇ ಬಿಟ್ಟ ಜಾಗ ಅದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮೀಸಲು ನಿಧಿ. ಮೊದಲೇ ಎರಡಿಂಚು ತೆಗೆದುಬಿಟ್ಟರೆ, ಕೆಂಪುಕಲ್ಲು ಹೇರಿಕೊಂಡು ಹೊಂಡಕ್ಕೆ ಇಳಿದಾಗ ಆಕ್ಸಲು ಹೋಗಿ ಚಾಸಿಗೇ ಬಡಿಯುತ್ತದೆ.

ಇನ್ನು ಚಕ್ರ. 215/75 ಆರ್ 15 ಎಂಬ ಟಯರಿನ ಅಡ್ಡಳತೆ ಸುಮಾರು 703 ಮಿಲಿಮೀಟರ್. ಅದರ ಬದಲು 235/65 ಆರ್ 17 ಹಾಕಿದರೆ ಸುಮಾರು 737. ಮೀಟರು 60 ತೋರಿಸುವಾಗ ಗಾಡಿ 63ರ ಹತ್ತಿರ ಓಡುತ್ತಿರುತ್ತದೆ. ಒಟ್ಟು ಗಾತ್ರ ಹೆಚ್ಚದಂತೆ ನೋಡಿಕೊಂಡರೆ ರಬ್ಬರಿನ ಪಕ್ಕ ತೆಳ್ಳಗಾಗಿ, ಹೊಂಡದ ಪೆಟ್ಟು ನೇರ ರಿಮ್ಮಿಗೆ. ಟಯರಿನ ಮೈಮೇಲೆ ಗಾತ್ರದ ಪಕ್ಕದಲ್ಲಿ ಇನ್ನೊಂದು ಅಂಕೆ ಇರುತ್ತದೆ. ಅದು 100 ಆಗಿದ್ದರೆ ಆ ಟಯರು ಹೊರುವುದು 800 ಕಿಲೋ, 91 ಆಗಿದ್ದರೆ 615 ಕಿಲೋ ಮಾತ್ರ. ನಾಲ್ಕು ಟಯರಿಗೆ 740 ಕಿಲೋ ವ್ಯತ್ಯಾಸ! ಅಂಗಡಿಯಲ್ಲಿ ಹೊಳಪು ನೋಡಿ ಕೊಳ್ಳುವವರು ಈ ಅಂಕೆ ನೋಡುವುದು ಕಡಿಮೆ.

ಹುಡುಗ ಹೇಳಿದ ದಿನ ಬಂದ. ಕ್ಯಾಲಿಫೋರ್ನಿಯಾದ ಕಥೆ ಕೇಳಿ ಅವನ ಮುಖ ಅರಳಿತು. "ನೋಡಿ ಮಾವ, ನಾನೊಬ್ಬನೇ ಹುಚ್ಚ ಅಲ್ಲ" ಎಂದ. ನಾನು ಹೇಳಿದೆ: "ಹುಚ್ಚು ಅಂತ ನಾನೂ ಹೇಳುವುದಿಲ್ಲ ಮಗ. ಆದರೆ ಅವರದು ಭಾನುವಾರ ಮೆರೆಯುವ ಕಾರು, ನಿನ್ನದು ಸೋಮವಾರ ಅನ್ನ ದುಡಿಯುವ ಗಾಡಿ. ಸಾಲದ ಪತ್ರದಲ್ಲಿ ಬ್ಯಾಂಕನ್ನು ಕೇಳದೆ ಗಾಡಿ ಬದಲಿಸಬಾರದೆಂಬ ಶರತ್ತು ಸಾಮಾನ್ಯವಾಗಿ ಇರುತ್ತದೆ. ನಾಳೆ ಏನಾದರೂ ಆಗಿ ವಿಮೆಯವರು ತಕರಾರು ತೆಗೆದರೆ, ಉತ್ತರ ಹೇಳಬೇಕಾದದ್ದು ನಿನ್ನ ತಾಯಿಯ ಹದಿನೈದು ಸೆಂಟ್ಸು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂತು ಮುಗಿಯುವವರೆಗೆ ಹೀಗೇ ಇರಲಿ" ಎಂದು ಎದ್ದುಹೋದ. ಪೂರ್ತಿ ಒಪ್ಪಿದನೆಂದು ನಾನು ಹೇಳಲಾರೆ. ಪಿಕಪ್ಪು ಮಾತ್ರ ಈ ಹೊತ್ತಿಗೂ ಮೊದಲಿನ ಎತ್ತರದಲ್ಲೇ ಇದೆ.

ತಮ್ಮ ಮನೆಯಂಗಳದಲ್ಲೂ ಒಂದು ಗಾಡಿ ನಿಂತಿರಬಹುದು. ಆರ್.ಸಿ. ತೆಗೆದು, ಕನ್ನಡಕ ಹಾಕಿಕೊಂಡು, ಟಯರಿನ ಮೇಲಿನ ಅಂಕೆಯೊಡನೆ ಒಮ್ಮೆ ತಾಳೆ ನೋಡಿ. ಓದಲು ಕಷ್ಟವಾದರೆ ಮಕ್ಕಳನ್ನು ಕರೆಯಿರಿ. ಆ ನೆಪದಲ್ಲಿ ಅವರಿಗೂ ಗೊತ್ತಾಗಲಿ.