ಅಜ್ಜಿಯ ವಯಸ್ಸು ಮರದಲ್ಲಿ ಎಣಿಸಿದ್ದು

2025ರ ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕ ತೀರಿಕೊಂಡಾಗ 114 ವರ್ಷ ಅಂತ ಸುದ್ದಿ ಬಂತು. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಮಗಳು, ಮಾಗಡಿ ತಾಲ್ಲೂಕು ಹುಲಿಕಲ್ಲಿನ ಸೊಸೆ. ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಕುದೂರು ರಸ್ತೆಗೆ ಆಲದ ಸಾಲು ಬೆಳೆಸಿದವರು. ಅವತ್ತು ನನ್ನ ಮಗಳು ಕೇಳಿದ್ಲು, "ಅಪ್ಪ, ನಮ್ಮ ಮುತ್ತಜ್ಜಿಗೆ ಎಷ್ಟಾಗಿತ್ತು?"

ಅಜ್ಜಿ ಹೋಗಿ ಆರು ವರ್ಷ. ಉತ್ತರ ಯಾರ ಹತ್ರಾನೂ ಇರಲಿಲ್ಲ. ರೇಷನ್ ಕಾರ್ಡಿಗೂ ವೋಟರ್ ಕಾರ್ಡಿಗೂ ಒಂಬತ್ತು ವರ್ಷ ವ್ಯತ್ಯಾಸ. ಎರಡೂ ಬರೆದುಕೊಂಡವರ ಅಂದಾಜು. ಅಜ್ಜಿಯ ಲೆಕ್ಕವೇ ಬೇರೆ: "ಮೈಸೂರು ದೊರೆ ತೀರಿಕೊಂಡ ವರ್ಷ ಚಿಕ್ಕನಾಯಕನಹಳ್ಳಿ ಕಡೆಯಿಂದ ಗಾಡೀಲಿ ಬಂದೆ ಕಣ್ಲಾ, ಇನ್ನೂ ಮೈನೆರೆದಿರಲಿಲ್ಲ." ನಾಲ್ವಡಿ ಕೃಷ್ಣರಾಜ ಒಡೆಯರು ಹೋದದ್ದು 1940ರ ಆಗಸ್ಟ್‌ನಲ್ಲಿ. ಆಗ ಹನ್ನೆರಡು ಅಂತ ಹಿಡಿದರೆ ಹುಟ್ಟಿದ್ದು 1928ರ ಸುಮಾರಿಗೆ.

ಇನ್ನೊಂದು ಸಾಕ್ಷಿ ತೋಟದಲ್ಲಿತ್ತು. ದೊಡ್ಡಪ್ಪ ಹುಟ್ಟಿದ ವರ್ಷ ಅಜ್ಜಿ ಬಾವಿ ಪಕ್ಕ ನೆಟ್ಟ ಮರ. ತೆಂಗು ವರ್ಷಕ್ಕೆ ಹೆಚ್ಚುಕಮ್ಮಿ ಹನ್ನೆರಡು ಗರಿ ಬಿಡತ್ತೆ, ಉದುರಿದ ಪ್ರತಿ ಗರಿಯೂ ಕಾಂಡದ ಮೇಲೆ ಒಂದು ಬಳೆ ಗುರುತು ಉಳಿಸತ್ತೆ. ಕಾಯಿ ಕೆಡವೋ ಹುಡುಗನಿಗೆ ಸುಣ್ಣದ ಕಡ್ಡಿ ಕೊಟ್ಟು ಹತ್ತಿಸಿದೆ. 864 ಬಂತು. ಅಂದ್ರೆ 72 ವರ್ಷ, ಕಾಂಡ ಮೇಲೇಳೋಕೆ ಮುಂಚಿನ ಐದು ಸೇರಿಸಿದರೆ 1948. ಒಂದೆರಡು ವರ್ಷ ಆಚೀಚೆ ಆಗಬಹುದು ಬಿಡಿ, ಬರ ಬಂದ ವರ್ಷ ಗರಿ ಕಮ್ಮಿ. ಬುಡದಿಂದ ನೂರೈವತ್ತರ ಆಸುಪಾಸಿನಲ್ಲಿ ಗುರುತುಗಳು ಒತ್ತೊತ್ತಾಗಿವೆ. 1965-66ರ ಬರಗಾಲ ಅಂತ ನನ್ನ ಊಹೆ. ಆಗ ಅಮೆರಿಕದಿಂದ ಬಂದ ಕೆಂಪು ಜೋಳದ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ ಅಂತ ಅಜ್ಜಿ ಹೇಳೋಳು.

ಕೊಬ್ಬರಿ ಕೆಲಸ ಪೂರ್ತಿ ಅವಳದೇ. ಬಲಿತ ಕಾಯಿ ಅಟ್ಟಕ್ಕೆ ಹಾಕಿದರೆ ಹತ್ತು-ಹನ್ನೊಂದು ತಿಂಗಳಲ್ಲಿ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು ಗಿಟುಕಾಗತ್ತೆ. ಅಜ್ಜಿ ಕಿವಿ ಹತ್ರ ಅಲ್ಲಾಡಿಸಿ, "ಇದು ಆಯ್ತು, ಇದಿನ್ನೂ ಅಳ್ತದೆ" ಅಂತ ಬೇರೆ ಮಾಡೋಳು. ಎಪ್ಪತ್ತು ವರ್ಷ ಈ ಕೆಲಸ ಮಾಡಿದವಳು ತಿಪಟೂರು ಮಾರುಕಟ್ಟೆ ನೋಡಿದ್ದು ಒಂದೇ ಸಲ, ಅದೂ ಆಸ್ಪತ್ರೆಗೆ ಹೋಗೋ ದಾರೀಲಿ. ಸಿಪ್ಪೆ ಕರಟದಲ್ಲಿ ಸವೆದ ಅವಳ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಕೊನೆಗೂ ಗುರುತಿಸಲಿಲ್ಲ.

ವಯಸ್ಸು ಹುಡುಕ್ತಾ ಹಳೇ ಟ್ರಂಕು ತೆಗೆದಾಗ ಸಿಕ್ಕಿದ್ದು 1986ರ ಒಂದು ಪತ್ರ. ತಾತ ತೀರಿಕೊಂಡ ಮೇಲೆ ಬರೆಸಿದ ಹಕ್ಕುಬಿಡುಗಡೆ. 1956ರ ಕಾಯ್ದೆ ಪ್ರಕಾರ ತಾತನ ಪಾಲಿನಲ್ಲಿ ಮಕ್ಕಳಷ್ಟೇ ಹೆಂಡತಿಗೂ ಹಕ್ಕಿತ್ತು. ಅಪ್ಪ, ದೊಡ್ಡಪ್ಪ ಕೇಳಿದರು, ಒತ್ತಿದಳು. ಹೆಬ್ಬೆಟ್ಟಿನ ಗುರುತಲ್ಲಿ ಒಂದು ಗೆರೆಯೂ ಇಲ್ಲ, ಬರೀ ನೀಲಿ ಮಚ್ಚೆ. ಪಕ್ಕದಲ್ಲಿ "ವಯಸ್ಸು ಸುಮಾರು 60". ನನ್ನ ಲೆಕ್ಕದಲ್ಲಿ 58. ಅಷ್ಟೂ ಕಾಗದಗಳಲ್ಲಿ ನಿಜಕ್ಕೆ ಹತ್ತಿರ ಇರೋದು ಇದೊಂದೇ.

ಹಾಗಾದರೆ ಅಜ್ಜಿ ಹೋದಾಗ 91. ಮಗಳಿಗೆ ಹೇಳಿದೆ. "ಆ ಮರ ನಮ್ದಾ?" ಅಂದ್ಲು. ಅಲ್ಲ, ಬಾವಿ ಪಕ್ಕದ ಸಾಲು ದೊಡ್ಡಪ್ಪನ ಪಾಲಿಗೆ ಹೋಯ್ತು. ಎಣಿಸೋಕೂ ಅವರನ್ನ ಕೇಳಿಯೇ ಹುಡುಗನನ್ನ ಹತ್ತಿಸಿದ್ದು.